ಬೆಳಗಾವಿ ಕ್ಯಾಂಪಿನ ಮರಾಠಾ ಲೈಟ್ ಇನ್‌ಫೆಂಟ್ರಿ: ಹಳೇ ಪಲ್ಟನ್ ಹಿಸ್ಟರಿ ಗೊತ್ತಿದ್ದೋರು ಸ್ವಲ್ಪ ಹೇಳ್ರಿ

ಖಾನಾಪುರ_ರಸ್ತೆ

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಮುತ್ತ್ಯಾ, ಅಂದ್ರ ಅಜ್ಜನ ಅಪ್ಪ, ಮಿಲಿಟರಿಯೊಳಗ ಇದ್ದ ಅನ್ನೋ ಮಾತು ಮನ್ಯಾಗ ಮೊದಲಿಂದ ಇತ್ತು, ಈಗ ಹಳೇ ಮನಿ ಕೆಡವೋ ಮುಂದ ಅವನ ಡಿಸ್ಚಾರ್ಜ್ ಸರ್ಟಿಫಿಕೇಟ್ ಸಿಕ್ಕೈತಿ. 1916ರಾಗ ಭರ್ತಿ, 1931ರಾಗ ಪಿಂಚಣಿ ಮ್ಯಾಲೆ ಬಿಡುಗಡಿ, ಯುನಿಟ್ '10/5 ಮರಾಠಾ ಎಲ್.ಐ., ಬೆಳಗಾಂ' ಅಂತ ಬರದಾರ. ಈ 10 ಏನು, 5 ಏನು, ಒಂದೂ ತಿಳೀವಲ್ದು. ನಾವು ಮರಾಠರಾ, ಆದ್ರ ನಾಲ್ಕು ತಲಿಯಿಂದ ಮನ್ಯಾಗ ಕನ್ನಡಾನ. ಇನ್ನೊಂದ್ ಏನಂದ್ರ ನಮ್ಮ ಕಾಕಾ ಅಂತಾರ ಈ ರೆಜಿಮೆಂಟು ಶಿವಾಜಿ ಮಹಾರಾಜರ ಫೌಜಿನಿಂದಾನ ಬಂದದ್ದು ಅಂತ, ಆಫೀಸಿನ್ಯಾಗ ಒಬ್ಬಾವ ಇಲ್ಲೋ ಮಾರಾಯಾ ಅದು ಟಿಪ್ಪೂ ಮ್ಯಾಲೆ ಯುದ್ಧಾ ಮಾಡಿದ ಕಂಪನಿ ಪಲ್ಟನ್ ಅಂತಾನ. ಖರೆ ಯಾವುದು?

ಹಳೇ_ಪಲ್ಟನ್

ಆಫೀಸಿನವರ ಮಾತು ಸತ್ಯಕ್ಕೆ ಹತ್ತಿರ. 1768ರ ಆಗಸ್ಟಲ್ಲಿ ಈಸ್ಟ್ ಇಂಡಿಯಾ ಕಂಪನಿ ಬಾಂಬೆ ದ್ವೀಪ ಕಾಯೋಕೆ ಅಂತ ಕಟ್ಟಿದ ಬಾಂಬೆ ಸಿಪಾಯಿಗಳ 2ನೇ ಬೆಟಾಲಿಯನ್ನೇ ಇವತ್ತಿನ 1ನೇ ಮರಾಠಾ, 'ಜಂಗಿ ಪಲ್ಟನ್' ಅಂತಾರಲ್ಲ ಅದು. ಮರುವರ್ಷ ಹುಟ್ಟಿದ್ದು 'ಕಾಳಿ ಪಾಂಚವೀ', ಇವತ್ತಿನ 2ನೇ ಮರಾಠಾ. ಶಿವಾಜಿ ಮಹಾರಾಜರು ತೀರಿಕೊಂಡಿದ್ದು 1680, ಮಧ್ಯೆ ಹತ್ತಿರ ಹತ್ತಿರ 90 ವರ್ಷ ಇದೆ, ಸಂಬಂಧ ಇರೋದು ಘೋಷಣೆಯಲ್ಲಿ ಮತ್ತೆ ಹುಡುಗರು ಬರ್ತಿದ್ದ ಊರುಗಳಲ್ಲಿ, ಸಂಸ್ಥೆಯಾಗಿ ಅಲ್ಲ. ಆ ಕಾಲದಲ್ಲಿ ಪಲ್ಟನ್ ಹೆಸರಲ್ಲಿ ಮರಾಠಾ ಅನ್ನೋದೇ ಇರಲಿಲ್ಲ, ಒಳಗಿದ್ದೋರೂ ಬರೀ ಮರಾಠರಲ್ಲ, ಮಹಾರರು, ಮುಸ್ಲಿಮರು, ಕೊಂಕಣದ ಬೆನೆ ಇಸ್ರೇಲಿ ಯಹೂದಿಗಳು, ಉತ್ತರದ ಪುರಬಿಯಾಗಳು, ಎಲ್ಲ ಕಲಸುಮೇಲೋಗರ.

ಈಗ ನಂಬರಿಗೆ ಬರ್ತೀನಿ. 1903ರಲ್ಲಿ ಆಗಿನ ಸರಸೇನಾಪತಿ ಕಿಚನರ್ ಇಡೀ ಸೈನ್ಯಕ್ಕೆ ಹೊಸ ನಂಬರ್ ಹಾಕಿದ, ಬಾಂಬೆ ಪಲ್ಟನ್‌ಗಳ ಹಳೇ ನಂಬರಿಗೆ 100 ಸೇರಿಸಿದ, ಮದ್ರಾಸಿನವಕ್ಕೆ 60. ಹಾಗಾಗಿ ಬಾಂಬೆ 3ನೇದು 103 ಆಯ್ತು, 5ನೇದು 105, 10ನೇದು 110. ಹೆಸರಿಗೆ ಮರಾಠಾ ಅಂಟಿದ್ದೂ ಆಗಲೇ. ಮುಂದೆ 1922ರಲ್ಲಿ ಒಂಟಿ ಪಲ್ಟನ್‌ಗಳನ್ನೆಲ್ಲ ಸೇರಿಸಿ ದೊಡ್ಡ ರೆಜಿಮೆಂಟ್ ಮಾಡಿದ್ರು, ಅದರಲ್ಲಿ 5ನೇ ನಂಬರಿನದ್ದು ಮರಾಠಾ ಲೈಟ್ ಇನ್‌ಫೆಂಟ್ರಿ. 103, 105, 110, 116, 117 ಕ್ರಮವಾಗಿ 1/5, 2/5, 3/5, 4/5, 5/5 ಆದವು. ಉಳಿದಿದ್ದು 114ನೇ ಮರಾಠಾಸ್, ಅದನ್ನ ಬೆಳಗಾವಿಯಲ್ಲಿ ಕೂರಿಸಿ ಟ್ರೇನಿಂಗ್ ಬೆಟಾಲಿಯನ್ ಮಾಡಿದ್ರು, ಅದೇ ನಿಮ್ಮ 10/5. ಎಲ್ಲ ರೆಜಿಮೆಂಟಿನಲ್ಲೂ ಟ್ರೇನಿಂಗ್ ಬೆಟಾಲಿಯನ್ನಿಗೆ 10 ಅಂತಾನೇ ನಂಬರು.

ನಿಮ್ಮ ಮುತ್ತಾತ 1916ರಿಂದ 114ರಲ್ಲೇ ಇದ್ರೋ ಅಥವಾ ಬೇರೆ ಪಲ್ಟನ್ನಿಂದ ಆಮೇಲೆ ಇಲ್ಲಿಗೆ ಬಂದ್ರೋ ಸರ್ಟಿಫಿಕೇಟಿನಿಂದ ಹೇಳೋಕಾಗಲ್ಲ. ಮನೇಲಿ ಬೆಳ್ಳಿ ಮೆಡಲ್ ಏನಾದ್ರೂ ಇದೆಯಾ? ಒಂದು ಕಡೆ ಐದನೇ ಜಾರ್ಜ್ ತಲೆ, ಇನ್ನೊಂದು ಕಡೆ ಬರಿಮೈಲಿ ಕುದುರೆ ಮೇಲೆ ಕೂತ ಮನುಷ್ಯ, 1914 ಮತ್ತು 1918 ಅಂತ ಇರುತ್ತೆ. ಅದರ ಮುಖ ಬಿಡಿ, ಅಂಚು ನೋಡಿ. ಸಿಪಾಯಿ ನಂಬರು, ಹುದ್ದೆ, ಹೆಸರು, ಪಲ್ಟನ್ ನಾಲ್ಕನ್ನೂ ಅಂಚಿನ ಮೇಲೆ ಒತ್ತಿರ್ತಾರೆ.

ಸಿದ್ದೇಶ್ವರದ_ಕಡೆಯವ

ಟಿಪ್ಪು ವಿಷಯ ಬಂತಲ್ಲ, ನಮ್ಮ ಪಿರಿಯಾಪಟ್ಟಣ ಕಡೆ ಕಥೆ ಹೇಳ್ಬೇಕು. ಬ್ರಿಟಿಷ್ ದಾಖಲೆಲಿ 'ಸೀಡಸೀರ್' ಅಂತ ಒಂದು ಕದನ ಇದೆ, ಅದು ಕೊಡಗಿನ ಗಡಿಯ ಸಿದ್ದೇಶ್ವರ. 1799 ಮಾರ್ಚ್ 6. ಮದ್ರಾಸ್ ಕಡೆಯಿಂದ ಬ್ರಿಟಿಷ್ ಜನರಲ್ ಹ್ಯಾರಿಸ್ ದೊಡ್ಡ ಸೈನ್ಯ ತಗೊಂಡು ಬರ್ತಿದ್ದ, ಕಣ್ಣೂರು ಕಡೆಯಿಂದ ಜನರಲ್ ಸ್ಟುವರ್ಟ್ ಬಾಂಬೆ ಸೈನ್ಯದ ಜೊತೆ ಘಟ್ಟ ಹತ್ತಿ ಕೊಡಗಿಗೆ ಬಂದಿದ್ದ. ಎರಡೂ ಸೇರೋಕೆ ಮುಂಚೆ ಚಿಕ್ಕದನ್ನ ಹೊಡೆದುಹಾಕೋಣ ಅಂತ ಟಿಪ್ಪು ಸದ್ದಿಲ್ಲದೆ ಬಂದುಬಿಟ್ಟ, ಲೆಕ್ಕಾಚಾರ ಮಾತ್ರ ಸಖತ್ತಾಗಿತ್ತು. ಮುಂದೆ ಇದ್ದಿದ್ದು ಮಾಂಟ್ರೆಸರ್ ಕೈಕೆಳಗಿನ ಮೂರು ಬಾಂಬೆ ಸಿಪಾಯಿ ಬೆಟಾಲಿಯನ್ ಅಷ್ಟೇ, ಸ್ಟುವರ್ಟ್ ಮೈಲಿಗಟ್ಟಲೆ ಹಿಂದೆ ಇದ್ದ. ಸುತ್ತ ದಟ್ಟ ಕಾಡು, ಬೆಳಗ್ಗೆ ಮುಂದಿನಿಂದ ಹಿಂದಿನಿಂದ ಎರಡೂ ಕಡೆ ಮೈಸೂರಿನವರು ಮುತ್ತಿಕೊಂಡ್ರು. ಆ ಸಿಪಾಯಿಗಳು ಮಧ್ಯಾಹ್ನ ಸ್ಟುವರ್ಟ್ ಬಂದು ಸೇರೋತನಕ ಜಾಗ ಬಿಡಲಿಲ್ಲ. ಮೈಸೂರು ಕಡೆ 'ಬೆಂಕಿ ನವಾಬ್' ಅಂತ ಹೆಸರಾಗಿದ್ದ ಮಹಮ್ಮದ್ ರಜಾ ಅಲ್ಲೇ ಸತ್ತ. ಅಲ್ಲಿಗೆ ಎರಡು ಸೈನ್ಯ ಸೇರದ ಹಾಗೆ ತಡೆಯೋ ಅವಕಾಶ ಹೋಯ್ತು, ಮೇ 4ಕ್ಕೆ ಶ್ರೀರಂಗಪಟ್ಟಣವೂ ಹೋಯ್ತು.

ಆ ಮೂರು ಪಲ್ಟನ್‌ಗಳಲ್ಲಿ ಎರಡು ಆಮೇಲೆ 103 ಮತ್ತು 105ನೇ ಮರಾಠಾ ಆಗಿದ್ದು. ಮೈಸೂರ್, ಸೀಡಸೀರ್, ಸೆರಿಂಗಪಟಂ ಮೂರೂ ಅವರ ಹಳೇ ಬ್ಯಾಟಲ್ ಆನರ್ (ಹೋರಾಡಿದ ಕದನದ ಹೆಸರಲ್ಲಿ ಪಲ್ಟನ್ನಿಗೆ ಕೊಡೋ ಗೌರವ) ಪಟ್ಟಿಲಿವೆ.

ಪಾಂಡವಪುರ_ಎಕ್ಸ್‌ಪ್ರೆಸ್

ಅಂದ್ರೆ ಮೈಸೂರಿನ ವಿರುದ್ಧ ಗುಂಡು ಹಾರಿಸಿದ ಪಲ್ಟನ್ ಇವತ್ತು ಕರ್ನಾಟಕದಲ್ಲೇ ಕೂತಿದೆ, ನಾವು ಹೆಮ್ಮೆ ಪಡ್ಬೇಕಾ? ಸಂಬಳಕ್ಕೆ ಬ್ರಿಟಿಷರ ಪರ ನಮ್ಮೋರನ್ನೇ ಕೊಂದೋರು. ಬೇಜಾರಾಗ್ಬೇಡಿ, ಇದ್ದಿದ್ದು ಇದ್ದ ಹಾಗೆ ಹೇಳ್ತಿದೀನಿ.

ಮಡಿಕೇರಿ_ಮಳೆ

'ನಮ್ಮೋರು' ಯಾರು ಅಂತ ಮೊದಲು ಹೇಳಿ ಸ್ವಾಮಿ. ಆ ಸಿದ್ದೇಶ್ವರದಲ್ಲಿ ಬ್ರಿಟಿಷರ ಜೊತೆ ನಿಂತಿದ್ದು ನಮ್ಮ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ. ಬೆಟ್ಟದ ಮೇಲಿಂದ ಟಿಪ್ಪು ಡೇರೆಗಳು ಕಾಣ್ತಾ ಇವೆ ಅಂತ ಹಿಂದಿನ ದಿನ ಗೊತ್ತಾಗಿದ್ದೇ ಅವರ ಕಡೆಯಿಂದ. ಅದೇ ವೀರರಾಜೇಂದ್ರನನ್ನ ಟಿಪ್ಪು ಕಡೆಯವರು ಪಿರಿಯಾಪಟ್ಟಣದಲ್ಲಿ ಕೂಡಿಹಾಕಿದ್ರು, 1788ರಲ್ಲಿ ತಪ್ಪಿಸಿಕೊಂಡು ಬಂದು ಕೊಡಗು ವಾಪಸ್ ಕಟ್ಟಿದ. ಕೊಡಗಿನವರಿಗೆ ಕಂಪನಿ ಆವಾಗ ಸ್ನೇಹಿತ. ಅದೇ ಕಂಪನಿ 1834ರಲ್ಲಿ ಕೊಡಗನ್ನೂ ನುಂಗಿತು ಅನ್ನೋದು ಬೇರೆ ಮಾತು.

ಹಳೇ_ಪಲ್ಟನ್

ಟಿಪ್ಪು ಪರ-ವಿರೋಧಕ್ಕೆ ಈಗಾಗಲೇ ಬೇರೆ ಥ್ರೆಡ್ ಇದೆ, ಅಲ್ಲಿ 400 ಕಾಮೆಂಟ್ ಆಗಿದೆ, ದಯವಿಟ್ಟು ಅಲ್ಲಿಗೆ ಹೋಗಿ ಹೊಡೆದಾಡಿ. ಇಲ್ಲಿಗೆ ಬೇಕಾದಷ್ಟೇ ಹೇಳ್ತೀನಿ. ಮೂರನೇ ಮೈಸೂರು ಯುದ್ಧದಲ್ಲಿ ಪೇಶ್ವೆಯವರ ಸರದಾರ ಪರಶುರಾಮ ಭಾವು ಧಾರವಾಡ ಕೋಟೆಗೆ ಮುತ್ತಿಗೆ ಹಾಕಿದಾಗ ಪಕ್ಕದಲ್ಲಿದ್ದಿದ್ದು ಕ್ಯಾಪ್ಟನ್ ಲಿಟಲ್ ಅನ್ನೋನ ಬಾಂಬೆ ಸಿಪಾಯಿಗಳು, ಕೋಟೆ ಒಳಗಿದ್ದಿದ್ದು ಟಿಪ್ಪುವಿನ ಬದ್ರುಜ್ಜಮಾನ್ ಖಾನ್, ತಿಂಗಳುಗಟ್ಟಲೆ ಹಿಡಿದು ಕೂತು 1791ರಲ್ಲಿ ಬಿಟ್ಟುಕೊಟ್ಟ. ಅದಾಗಿ 27 ವರ್ಷಕ್ಕೆ 1818ರಲ್ಲಿ ಅದೇ ಕಂಪನಿ ಸೈನ್ಯ ಪೇಶ್ವೆಯನ್ನೇ ಇಳಿಸಿತು, ಬೆಳಗಾವಿ ಕೋಟೆ ಥಾಮಸ್ ಮನ್ರೋ ಕೈಗೆ ಹೋಗಿದ್ದು ಆಗಲೇ, ಮಾರ್ಚ್-ಏಪ್ರಿಲ್‌ನಲ್ಲಿ. ಇವತ್ತು ಸ್ನೇಹ ನಾಳೆ ಯುದ್ಧ. ಸಿಪಾಯಿಗೆ ಕಂಪನಿ ಕೆಲಸ ಅಂದ್ರೆ ಹೊತ್ತಿಗೆ ಸರಿಯಾಗಿ ಬರೋ ಸಂಬಳ ಮತ್ತೆ ಪಿಂಚಣಿ. ಸಂಸ್ಥಾನದ ಫೌಜುಗಳಲ್ಲಿ ಅದು ತಿಂಗಳುಗಟ್ಟಲೆ ಬಾಕಿ ಬೀಳ್ತಿತ್ತು. ನನಗನಿಸಿದ ಮಟ್ಟಿಗೆ ಆ ಸಿಪಾಯಿಯನ್ನ ದ್ರೋಹಿ ಅನ್ನೋದೂ ಸರಿಯಲ್ಲ, ಹಿಂದಿನಿಂದ ಎಳೆದು ದೇಶಭಕ್ತ ಮಾಡೋದೂ ಸರಿಯಲ್ಲ.

ಸೈನ್ಯದವರಿಗೂ ಈ ಮುಜುಗರ ಗೊತ್ತು. ಸ್ವಾತಂತ್ರ್ಯ ಬಂದಮೇಲೆ ಮೈಸೂರು, ಶ್ರೀರಂಗಪಟ್ಟಣದ ಥರ ಭಾರತದ ರಾಜರ ವಿರುದ್ಧ ಗಳಿಸಿದ ಬ್ಯಾಟಲ್ ಆನರ್‌ಗಳ ದಿನ ಆಚರಿಸೋ ಹಾಗಿಲ್ಲ ಅಂತ ತೀರ್ಮಾನ ಆಗಿದೆ.

ಖಾನಾಪುರ_ರಸ್ತೆ

ಮೆಡಲ್ ಐತ್ರಿ! ಕಾಕಾನ ಮನ್ಯಾಗ ದೇವರ ಮಾಡದಾಗ ಇಟ್ಟಿದ್ರು, ಬೆಳ್ಳಿ ಅಂತ ವರ್ಷಾ ದಸರಾಕ್ಕ ಹುಣಸಿಹಣ್ಣು ಹಾಕಿ ತಿಕ್ಕಿ ತಿಕ್ಕಿ ರಾಜಾನ ಮೂಗು ಹೋಗೇತಿ. ಅಂಚಿನ ಮ್ಯಾಲೆ ಅಕ್ಷರಾ ಸವದಾವು, ಮೊಬೈಲ್ ಟಾರ್ಚ್ ಅಡ್ಡ ಹಿಡದು ನೋಡಿದ್ವಿ, ನಂಬರ್ ಅರ್ಧಾ ಕಾಣ್ತೈತಿ, ಆಮ್ಯಾಲೆ 'ಸಿಪಾಯಿ', ಮುತ್ತ್ಯಾನ ಹೆಸರು, ಕಡೀಕ '114 ಮರಾಠಾಸ್'. ಅಂದ್ರ ಮೊದಲಿಂದಾನೂ 114ರಾಗ ಇದ್ದನೇನ್ರಿ?

ಹಳೇ_ಪಲ್ಟನ್

ಹೌದು, ಮೆಡಲ್ ಮೇಲೆ 114 ಇದ್ರೆ ಮಹಾಯುದ್ಧದಲ್ಲಿ ಅವರು 114ರಲ್ಲೇ. ಎಷ್ಟೋ ಮನೆಗಳಲ್ಲಿ ಆ ಮೆಡಲ್ ಕರಗಿಸಿ ಕಾಲುಂಗುರ ಮಾಡಿಸಿಬಿಟ್ಟಿದಾರೆ, ನಿಮ್ಮ ಕಾಕಾಗೆ ಥ್ಯಾಂಕ್ಸ್ ಹೇಳಿ, ಆದ್ರೆ ಇನ್ನು ತಿಕ್ಕೋದು ಬೇಡ ಅಂತಾನೂ ಹೇಳಿ. 114 ಹೆಸರು ಮಾಡಿದ್ದು ಮೆಸೊಪೊಟೇಮಿಯಾದಲ್ಲಿ, ಅಂದ್ರೆ ಇವತ್ತಿನ ಇರಾಕ್. 1918ರ ಅಕ್ಟೋಬರ್ ಕೊನೇ ವಾರ ಟೈಗ್ರಿಸ್ ದಂಡೆಯ ಶರ್ಕಾತ್ ಕದನ, ತುರ್ಕರ ಜೊತೆ ಆ ರಂಗದ ಕೊನೇ ದೊಡ್ಡ ಯುದ್ಧ. ಅಕ್ಟೋಬರ್ 30ಕ್ಕೆ ತುರ್ಕರ ಸೇನಾಪತಿ ಶರಣಾದ, ಕದನವಿರಾಮಕ್ಕೆ ಸಹಿ ಬಿದ್ದಿದ್ದೂ ಅವತ್ತೇ. ಆ ಒಂದೇ ಕದನದಲ್ಲಿ 114ಕ್ಕೆ ಶೌರ್ಯ ಪದಕಗಳು ರಾಶಿ ಬಂದವು.

ಕ್ಯಾಂಪ್_ಬಾಜಾರ್

ಅಣ್ಣಾರ, 1916ರಾಗ ಭರ್ತಿ ಅಂದ್ರ ನಿಮ್ಮ ಮುತ್ತ್ಯಾ ಪುಣ್ಯಾ ಮಾಡಿದ್ದ. ಒಂದ್ ವರ್ಷ ಮೊದಲ ಹೋಗಿ ಬ್ಯಾರೆ ಮರಾಠಾ ಪಲ್ಟನ್ನಿಗೆ ಬಿದ್ದಿದ್ರ ಕುಟ್‌ನ್ಯಾಗ ಸಿಗಬೀಳ್ತಿದ್ದ.

ಸಿದ್ದೇಶ್ವರದ_ಕಡೆಯವ

ಕುಟ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಿ ಯಾರಾದ್ರೂ. ಶಾಲೇಲಿ ಮೊದಲ ಮಹಾಯುದ್ಧ ಅಂದ್ರೆ ಫ್ರಾನ್ಸ್, ಜರ್ಮನಿ, ಮುಗೀತು. ಮೈಸೂರು ಲ್ಯಾನ್ಸರ್ಸ್ ಹೈಫಾ ಬಿಟ್ರೆ ನಮ್ಮೋರ ಸುದ್ದೀನೇ ಇಲ್ಲ.

ಹಳೇ_ಪಲ್ಟನ್

ಕುಟ್ ಅಲ್ ಅಮಾರಾ ಟೈಗ್ರಿಸ್ ನದಿ ತಿರುವಿನಲ್ಲಿರೋ ಊರು, ಮೂರು ಕಡೆ ನೀರು. ಅಲ್ಲಿ ಸಿಕ್ಕಿಬಿದ್ದಿದ್ದು ಬ್ರಿಟಿಷ್ ಭಾರತದ ಸೈನ್ಯದ 6ನೇ ಪೂನಾ ಡಿವಿಜನ್, ಸೇನಾಪತಿ ಟೌನ್‌ಶೆಂಡ್. ಈ ಒಂದು ಡಿವಿಜನ್ನಲ್ಲಿ ಮೂರು ಮರಾಠಾ ಪಲ್ಟನ್ ಇದ್ವು, 103, 110, 117. 1915ರ ಏಪ್ರಿಲ್‌ನಲ್ಲಿ ಬಸ್ರಾ ಹತ್ತಿರ ಶೈಬಾ ಗೆದ್ರು, ಅಲ್ಲಿಂದ ನದಿ ಗುಂಟ ಮೇಲೆ ಮೇಲೆ ಹೋದ್ರು, ಬಾಗ್ದಾದ್ ಇನ್ನೇನು ಸಿಕ್ಕೇಬಿಡ್ತು ಅನ್ನೋ ಆಸೆ ಮೇಲಿನವರಿಗೆ, ಹಿಂದೆ ನೋಡಿದ್ರೆ ಸಾಮಾನು ತರೋಕೆ ದೋಣಿ ಇಲ್ಲ, ಗಾಯಾಳುಗಳನ್ನ ಮಲಗಿಸೋಕೆ ವ್ಯವಸ್ಥೆ ಇಲ್ಲ. ನವೆಂಬರ್ 22ಕ್ಕೆ ಟೆಸಿಫೋನ್‌ನಲ್ಲಿ ಪೆಟ್ಟು ತಿಂದು ಕುಟ್‌ಗೆ ವಾಪಸ್ ಬಂದು ಕೂತ್ರು. ಡಿಸೆಂಬರ್ 7ರಿಂದ ತುರ್ಕರ ಮುತ್ತಿಗೆ, 1916 ಏಪ್ರಿಲ್ 29ಕ್ಕೆ ಶರಣಾಗತಿ. ಬಿಡಿಸೋಕೆ ಬಂದ ಸೈನ್ಯದಲ್ಲೇ ಸುಮಾರು 23,000 ಜನ ಸತ್ತು ಗಾಯಗೊಂಡ್ರು, ಒಳಗೆ ಸೆರೆ ಸಿಕ್ಕೋರು ಸುಮಾರು 13,000.

ಒಳಗಡೆ ಏನಾಯ್ತು ಅಂದ್ರೆ ಹಿಟ್ಟು ಮುಗೀತಾ ಬಂತು, ಕುದುರೆ ಕಡಿದು ಮಾಂಸ ಕೊಡೋಕೆ ಶುರು ಮಾಡಿದ್ರು. ಗೋರಾ ಸಿಪಾಯಿಗಳು ತಿಂದ್ರು, ನಮ್ಮೋರಲ್ಲಿ ಬಹಳ ಜನ ಮುಟ್ಟಲಿಲ್ಲ. ಊರಿಗೆ ಗೊತ್ತಾದ್ರೆ ಜಾತಿ ಹೋಯ್ತು ಅಂತಾರೆ, ಮನೆ ಹೆಣ್ಣುಮಕ್ಕಳಿಗೆ ಮದುವೆ ಆಗಲ್ಲ, ಆ ಭಯ. ಹಿಂದೂಸ್ತಾನದಿಂದ ಧರ್ಮಗುರುಗಳ ಅಪ್ಪಣೆ ತರಿಸಿ ತಿನ್ನಬಹುದು ಅಂತ ಸಾರಿಸಿದ್ರೂ ಏಪ್ರಿಲ್ ಬರೋತನಕ ಹೆಚ್ಚಿನೋರು ಒಪ್ಪಲಿಲ್ಲ. ಅಷ್ಟೊತ್ತಿಗೆ ಸ್ಕರ್ವಿ ಬಂದು ವಸಡು ಕೊಳೀತಿತ್ತು, ಪಾಳಿ ಬದಲಾಯಿಸೋಕೆ ಟ್ರೆಂಚ್‌ವರೆಗೆ ನಡೆಯೋಕೂ ತ್ರಾಣ ಇಲ್ಲ. ಕೊನೆಗೆ ವಿಮಾನದಿಂದ ಹಿಟ್ಟಿನ ಮೂಟೆ ಎಸೆದ್ರು, ಸ್ವಲ್ಪ ಒಳಗೆ ಬಿತ್ತು, ಸ್ವಲ್ಪ ನದಿಗೆ.

ಶರಣಾದ ಮೇಲೆ ಟೌನ್‌ಶೆಂಡ್ ಇಸ್ತಾಂಬುಲ್ ಹತ್ತಿರದ ದ್ವೀಪದಲ್ಲಿ ಬಂಗಲೆಲಿ ಆರಾಮಾಗಿದ್ದ. ಸಿಪಾಯಿಗಳನ್ನ ಮರುಭೂಮಿಲಿ ನಡೆಸಿಕೊಂಡು ಹೋಗಿ ರಾಸ್ ಅಲ್ ಐನ್ ಕಡೆ ರೈಲ್ವೆ ಕೆಲಸಕ್ಕೆ ಹಚ್ಚಿದ್ರು. ದಾರಿಲೇ ಎಷ್ಟೋ ಜನ ಬಿದ್ದುಹೋದ್ರು. ಈ ಮನುಷ್ಯನ ಬಗ್ಗೆ ಇಷ್ಟು ವರ್ಷ ಓದಿದ ಮೇಲೂ ನನಗೆ ಸಿಟ್ಟು ಇಳಿದಿಲ್ಲ.

ಕ್ಯಾಂಪ್_ಬಾಜಾರ್

ನಮ್ಮ ಸೋದರಮಾವನ ಊರಿನ ಚಾವಡಿ ಗ್ವಾಡಿಗಿ ಒಂದು ಸಣ್ಣ ಸಂಗಮರಮರಿ ಕಲ್ಲೈತಿ. ಈ ಊರಿಂದ 1914–1919ರ ಮಹಾಯುದ್ಧಕ್ಕ ಇಷ್ಟು ಮಂದಿ ಹೋದ್ರು, ಅದರೊಳಗ ಇಷ್ಟು ಮಂದಿ ಪ್ರಾಣಾ ಕೊಟ್ರು, ಅಷ್ಟ. ಹೆಸರಿಲ್ಲ. ಈಗ ಅದರ ಮ್ಯಾಲೆ ಕರೆಂಟ್ ಮೀಟರ್ ಬೋರ್ಡ್ ಹೊಡದಾರ, ಅರ್ಧಾ ಮುಚ್ಚೇತಿ.

ಜೋಳಿಗೆ

ಒಂದು ವಿಷಯ ಯಾರೂ ಎತ್ತಲಿಲ್ಲ, ನಾನು ಎತ್ತುತೀನಿ. ಹಳೇ ಬಾಂಬೆ ಪಲ್ಟನ್‌ಗಳಲ್ಲಿ ಮಹಾರರು ಇದ್ರು ಅಂತ ಮೇಲೆ ಒಂದು ಸಾಲಲ್ಲಿ ಹೇಳಿ ಮುಂದೆ ಹೋದ್ರಿ. ಅವರು ಆಮೇಲೆ ಎಲ್ಲಿಗೆ ಹೋದ್ರು? 1818ರಲ್ಲಿ ಕಂಪನಿ ಸೈನ್ಯ ಪೇಶ್ವೆ ಸೈನ್ಯದ ಜೊತೆ ಹೋರಾಡಿದ ಕೋರೆಗಾಂವ್ ಕದನದ ಸ್ಮಾರಕ ಕಂಬದ ಮೇಲೆ ಸತ್ತವರ 49 ಹೆಸರಲ್ಲಿ 22 'ನಾಕ್' ಅಂತ ಮುಗಿಯುತ್ತವೆ, ಅವು ಮಹಾರ್ ಹೆಸರು. ಇಷ್ಟು ಸೇವೆ ಮಾಡಿದವರನ್ನ 1890ರ ದಶಕದಲ್ಲಿ 'ಮಾರ್ಷಲ್ ರೇಸ್' ಅಂತ, ಅಂದ್ರೆ ಕೆಲವು ಜನಾಂಗದವರು ಮಾತ್ರ ಹುಟ್ಟಾ ಯೋಧರು ಅನ್ನೋ ಹೊಸ ಸಿದ್ಧಾಂತ ತಂದು ಸೈನ್ಯದಿಂದಲೇ ತೆಗೆದುಹಾಕಿದ್ರು. ಜಾತಿ ಪ್ರಕಾರ ಕಂಪನಿ ವಿಂಗಡಿಸಿ, ದಖ್ಖನಿ ಮರಾಠರು ಇಷ್ಟು, ಕೊಂಕಣಿ ಮರಾಠರು ಇಷ್ಟು, ದಖ್ಖನಿ ಮುಸಲ್ಮಾನರು ಇಷ್ಟು ಅಂತ ಮಾಡಿದಾಗ ಮಹಾರರಿಗೆ ಜಾಗಾನೇ ಇಲ್ಲ. ಯುದ್ಧದಲ್ಲಿ ಜನ ಕಮ್ಮಿ ಬಿದ್ದಾಗ 1917ರಲ್ಲಿ 111ನೇ ಮಹಾರ್ಸ್ ಕಟ್ಟಿದ್ರು, ಯುದ್ಧ ಮುಗೀತು, 1921ಕ್ಕೆ ಅದನ್ನೂ ಮುಚ್ಚಿದ್ರು. ಪಲ್ಟನ್ ಹೆಸರು ಮರಾಠಾ ಆಗಿದ್ದು ಸಹಜವಾಗಿ ಅಲ್ಲ, ಕೆಲವರನ್ನ ಹೊರಗೆ ಹಾಕಿದ ಮೇಲೆ.

ಹಳೇ_ಪಲ್ಟನ್

ಜೋಳಿಗೆ ಅವರು ಹೇಳಿದ್ದು ಸರಿ. ಇದಕ್ಕೆ ಬೆಳಗಾವಿ ನಂಟೂ ಇದೆ, ಈಗಿನ ಮಹಾರ್ ರೆಜಿಮೆಂಟಿನ 1ನೇ ಬೆಟಾಲಿಯನ್ ಹುಟ್ಟಿದ್ದು ಬೆಳಗಾವಿಯಲ್ಲೇ, 1941 ಅಕ್ಟೋಬರ್ 1. ಆ ವರ್ಷ ಅಂಬೇಡ್ಕರ್ ವೈಸ್‌ರಾಯ್ ಅವರ ರಕ್ಷಣಾ ಸಲಹಾ ಸಮಿತಿಲಿ ಇದ್ರು, ಮಹಾರರಿಗೆ ಮತ್ತೆ ಸೈನ್ಯದ ಬಾಗಿಲು ತೆಗೀಬೇಕು ಅಂತ ಪಟ್ಟು ಹಿಡಿದವರು ಅವರು. ಶುರುವಿನಲ್ಲಿ ಮಹಾರ್ ರೆಜಿಮೆಂಟಿನ ಕ್ಯಾಪ್ ಬ್ಯಾಡ್ಜ್ ಮೇಲೆ ಕೋರೆಗಾಂವ್ ಕಂಬ ಇತ್ತು, ಸ್ವಾತಂತ್ರ್ಯ ಬಂದಮೇಲೆ ಕಂಬ ತೆಗೆದು ಕಠಾರಿ ಹಾಕಿದ್ರು. ಇನ್ನೊಂದು, ಕೋರೆಗಾಂವ್‌ನಲ್ಲಿ ಹೋರಾಡಿದ ಆ ಬಾಂಬೆ ಪಲ್ಟನ್ನಿನ ಮುಂದಿನ ವಾರಸುದಾರಿಕೆ ಗ್ರೆನೇಡಿಯರ್ಸ್ ಅನ್ನೋ ಬೇರೆ ರೆಜಿಮೆಂಟಿಗೆ ಹೋಗುತ್ತೆ, ಮರಾಠಾಗೂ ಅಲ್ಲ, ಮಹಾರ್ ರೆಜಿಮೆಂಟಿಗೂ ಅಲ್ಲ. ವಾಟ್ಸಾಪ್‌ನಲ್ಲಿ ಮೂರನ್ನೂ ಕಲಸಿ ಹಂಚ್ತಾರೆ.

ಮಡಿಕೇರಿ_ಮಳೆ

ಮದ್ರಾಸಿನ ಪಲ್ಟನ್‌ಗಳಿಗೂ ಇದೇ ಗತಿ ಅಲ್ವಾ. ನಮ್ಮ ಕಾರ್ಯಪ್ಪನವರು 1919ರಲ್ಲಿ ಕಮಿಷನ್ ಆಗಿ ಮೊದಲು ಹೋಗಿದ್ದು 88ನೇ ಕರ್ನಾಟಿಕ್ ಇನ್‌ಫೆಂಟ್ರಿಗೆ. ಆ ಪಲ್ಟನ್ ಇವತ್ತು ಎಲ್ಲಿ?

ಹಳೇ_ಪಲ್ಟನ್

1922ರಲ್ಲಿ ಅದನ್ನ ಬೇರೆ ಕರ್ನಾಟಿಕ್ ಪಲ್ಟನ್‌ಗಳ ಜೊತೆ 3ನೇ ಮದ್ರಾಸ್ ರೆಜಿಮೆಂಟ್ ಮಾಡಿದ್ರು, ದಶಕ ಮುಗಿಯೋಷ್ಟರಲ್ಲಿ ಅದನ್ನೇ ಮುಚ್ಚಿಹಾಕಿದ್ರು. ದಕ್ಷಿಣದೋರು ಯೋಧರಲ್ಲ ಅನ್ನೋದು ದೊಡ್ಡ ಸಾಹೇಬರ ನಂಬಿಕೆ. ಎರಡನೇ ಮಹಾಯುದ್ಧದಲ್ಲಿ ಜನ ಬೇಕಾದಾಗ ಅದೇ ಮದ್ರಾಸ್ ರೆಜಿಮೆಂಟ್ ಮತ್ತೆ ಹುಟ್ಟಿತು. ಹಳೇ ಸಾಹೇಬರಿಗೆ ಬಾಂಬೆಯೋರ ಬಗ್ಗೆನೂ ಇದೇ ತಾತ್ಸಾರ ಇತ್ತು. ಮರಾಠಾ ಪಲ್ಟನ್‌ಗಳು ಉಳ್ಕೊಂಡಿದ್ದು ನನ್ನ ಪ್ರಕಾರ ಮೆಸೊಪೊಟೇಮಿಯಾದಿಂದ. ಕುಟ್‌ನಲ್ಲಿ ಅಷ್ಟು ಜನ ಹಸಿವಲ್ಲೂ ನಿಂತ ಮೇಲೆ ಇವರನ್ನ ಕೈಲಾಗದೋರು ಅನ್ನೋಕೆ ಬಾಯಿ ಬರಲಿಲ್ಲ. 117ಕ್ಕೆ 1921ರಲ್ಲಿ 'ರಾಯಲ್' ಬಿರುದೂ ಕೊಟ್ರು.

ಪಾಂಡವಪುರ_ಎಕ್ಸ್‌ಪ್ರೆಸ್

ಎರಡನೇ ಯುದ್ಧದ ಬಗ್ಗೆನೂ ಹೇಳ್ಬಿಡಿ ಗುರುಗಳೇ, ಓದ್ತಾ ಇದೀನಿ.

ಹಳೇ_ಪಲ್ಟನ್

ಬೇಗ ಹೇಳ್ತೀನಿ, ಡ್ಯೂಟಿಗೆ ಹೊತ್ತಾಯ್ತು. 3/5 ಎರಿಟ್ರಿಯಾದ ಕೆರೆನ್‌ನಲ್ಲಿ 1941. 2/5 ಲಿಬಿಯಾದ ಟೊಬ್ರುಕ್‌ನಲ್ಲಿ 1942 ಜೂನ್ 20, ಜರ್ಮನ್ ಸೇನಾಪತಿ ರಾಮೆಲ್ ಬೆಳಗಿನ ಜಾವ ವಿಮಾನ ದಾಳಿ ಮಾಡಿಸಿ ಟ್ಯಾಂಕ್ ನುಗ್ಗಿಸಿದ್ದು ಇವರು ಕಾಯ್ತಿದ್ದ ಜಾಗದಲ್ಲೇ, ಮರುದಿನ ಇಡೀ ಕೋಟೆ ಶರಣಾಯ್ತು, 'ಕಾಳಿ ಪಾಂಚವೀ'ಗೆ ಅದು ದೊಡ್ಡ ಏಟು. 4/5 ಮಣಿಪುರದ ಸಾಂಗ್‌ಶಾಕ್‌ನಲ್ಲಿ 1944 ಮಾರ್ಚ್ 22ರಿಂದ 26, ನೀರಿಲ್ಲದ ಗುಡ್ಡದ ಮೇಲೆ 50ನೇ ಪ್ಯಾರಾಶೂಟ್ ಬ್ರಿಗೇಡ್ ಜೊತೆ ಜಪಾನಿಯರನ್ನ ತಡೆದು ಕೂತ್ರು. ಗುಡ್ಡ ಕೊನೆಗೆ ಬಿಡಬೇಕಾಯ್ತು, ಆದ್ರೆ ಕೊಹಿಮಾ ಕಡೆ ತಯಾರಾಗೋಕೆ ಅಷ್ಟು ದಿನ ಸಿಕ್ಕಿದ್ದು ಇದರಿಂದ.

ಇಟಲಿಯಲ್ಲಿ ಎರಡು ವಿಕ್ಟೋರಿಯಾ ಕ್ರಾಸ್, ಅಂದ್ರೆ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ. 1944 ಜುಲೈ 10, 3/5ರ ನಾಯಕ್ ಯಶವಂತ ಘಾಡ್ಗೆ. ಮೆಷಿನ್‌ಗನ್ ಬೆಂಕಿಗೆ ಸೆಕ್ಷನ್ನಿನ ಉಳಿದವರೆಲ್ಲ ಬಿದ್ರು, ಒಬ್ಬನೇ ಗ್ರೆನೇಡ್ ಎಸೆದು ಮುನ್ನುಗ್ಗಿದ, ಗುಂಡು ಖಾಲಿಯಾದ ಮೇಲೆ ಬಂದೂಕು ತಿರುಗಿಸಿ ಹಿಡಿದು ಹೊಡೆದ, ಆ ಠಾಣೆ ಹಿಡಿದ ಮೇಲೆ ಸ್ನೈಪರ್ ಗುಂಡಿಗೆ ಅಲ್ಲೇ ಸತ್ತ, ವಯಸ್ಸು 22. ಇನ್ನೊಬ್ಬ 1/5ರ ಸಿಪಾಯಿ ನಾಮದೇವ ಜಾಧವ್, 1945 ಏಪ್ರಿಲ್ 9, ಸೆನಿಯೊ ನದಿ. ಗಾಯಗೊಂಡವರನ್ನ ಹೊತ್ತು ನೀರು ದಾಟಿಸಿ ಬಂದು ಮತ್ತೆ ಹೋಗಿ ಒಬ್ಬನೇ ಮೆಷಿನ್‌ಗನ್ ಠಾಣೆಗಳನ್ನ ಮುಗಿಸಿದ, ದಂಡೆ ಮೇಲೆ ನಿಂತು ಶಿವಾಜಿ ಮಹಾರಾಜ್ ಕೀ ಜೈ ಅಂತ ಕೂಗಿ ಹಿಂದಿನವರನ್ನ ಕರೆದ. ಆತ ಬದುಕಿ ಊರಿಗೆ ಬಂದ, 1984ರವರೆಗೂ ಇದ್ದ.

ಜೋಳಿಗೆ

3/5 ಈಗಲೂ ಮರಾಠಾ ರೆಜಿಮೆಂಟಲ್ಲೇ ಇದೆಯಾ?

ಹಳೇ_ಪಲ್ಟನ್

ಇಲ್ಲ, ಅದು ಪ್ಯಾರಾಶೂಟ್ ಕಡೆ ಹೋಯ್ತು, ಇವತ್ತಿನ 2 ಪ್ಯಾರಾ.

ಖಾನಾಪುರ_ರಸ್ತೆ

ಭಾಳ ಉಪಕಾರ ಆತ್ರಿ ಸರ್. ಇನ್ನೊಂದ ಕೇಳ್ತೀನಿ, ನಮ್ಮೂರಾಗಿಂದ ಮುತ್ತ್ಯಾನ ಜೋಡಿ ಹೋದ ಇನ್ನೊಬ್ಬಾವ ತಿರಗಿ ಬರಲೇ ಇಲ್ಲಂತ. ಅವನ ಹೆಸರು ಎಲ್ಲಾರ ಇರ್ತೈತೇನ?

ಹಳೇ_ಪಲ್ಟನ್

ಇರಬಹುದು. ಇರಾಕಲ್ಲಿ ಸತ್ತು ಸಮಾಧಿ ಗೊತ್ತಿಲ್ಲದವರಿಗೆ ಬಸ್ರಾ ಸ್ಮಾರಕ ಅಂತ ಇದೆ, 40,000ಕ್ಕಿಂತ ಹೆಚ್ಚು ಜನರ ಲೆಕ್ಕ. ಆದ್ರೆ ಗೋರಾ ಸಿಪಾಯಿಗಳದ್ದು ಒಬ್ಬೊಬ್ಬರ ಹೆಸರೂ ಕಲ್ಲಿನಲ್ಲಿದೆ, ಭಾರತದ ಸಾಮಾನ್ಯ ಸಿಪಾಯಿಗಳದ್ದು ಪಲ್ಟನ್ ಹೆಸರು, ಪಕ್ಕದಲ್ಲಿ ಎಷ್ಟು ಜನ ಅನ್ನೋ ಸಂಖ್ಯೆ. ಹೆಸರು ಬೇಕಂದ್ರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಆನ್‌ಲೈನ್ ಪಟ್ಟಿಲಿ ಹುಡುಕಬೇಕು. ಸಿಪಾಯಿ ಹೆಸರು ಹಾಕಿ ಹುಡುಕಬೇಡಿ, ಸಾಹೇಬರು ಬರೆದ ಸ್ಪೆಲಿಂಗ್ ದೇವರಿಗೇ ಪ್ರೀತಿ. ಪಲ್ಟನ್ ನಂಬರ್ ಹಾಕಿ, ಬಂದ ಪಟ್ಟಿಲಿ ಅಪ್ಪನ ಹೆಸರು, ಊರು, ತಾಲ್ಲೂಕು, ಜಿಲ್ಲೆ ಅಂತ ಎಷ್ಟೋ ಜನಕ್ಕೆ ಕೊಟ್ಟಿದಾರೆ, ಬೆಳಗಾಂ ಅಂತ ಇರೋದನ್ನ ಒಂದೊಂದೇ ನೋಡ್ತಾ ಹೋಗಿ. ಮೊದಲು 114, ಸಿಗದಿದ್ರೆ 103, 110, 117.

ಕ್ಯಾಂಪ್_ಬಾಜಾರ್

ನಾನೂ ಈಗ 110 ಹಾಕಿ ಕುಂತೇನಿ. ಎರಡನೇ ಪುಟದಾಗ ಹುಕ್ಕೇರಿ ತಾಲ್ಲೂಕಿನ್ಯಾವ ಒಬ್ಬ ಸಿಕ್ಕಾನ, ಆದ್ರ ಊರಿನ ಹೆಸರು ಹ್ಯಾಂಗ ಓದಿದ್ರೂ ತಿಳೀವಲ್ದು. ಹುಕ್ಕೇರಿ ಕಡಿಯೋರು ಯಾರರ ಅದೀರೇನ ಇಲ್ಲಿ?